ಸಿಬ್ಬಂದಿಯ ಒಡಹುಟ್ಟಿದವರಿಗೆ ರಿಯಾಯಿತಿ

ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ತೋಳಿಗೆ ಅಂಟುತ್ತಿದೆ, ಹೊಸ ವಾಸನೆ ಮೂಗಿಗೆ ಅಡರಿ ತಲೆ ತಿರುಗುತ್ತಿದೆ, ದಿನಾ ಶೋರೂಮಿನಲ್ಲಿ ಕುಡಿಯುವ ವಾಸನೆಯೇ, ಆದರೆ ಇವತ್ತಿನದು ಅಣ್ಣನ ಕಾರಿನ ವಾಸನೆ — ಮುಂದೆ ಅಣ್ಣ, ಪಕ್ಕದಲ್ಲಿ ಅತ್ತಿಗೆ, ಹಿಂದೆ ಗಂಟುಮೂಟೆಯ ಹಾಗೆ ಇವಳು, ಈ ಎಲೆಕ್ಟ್ರಿಕ್ ಕಾರನ್ನು ಅವನಿಗೆ ಮಾರಿದವಳು. ಅಮ್ಮನಿಗೆ ತೋರಿಸೋಣ ನಡಿ ಅಂದನಲ್ಲ, ತೋರಿಸೋಣವಂತೆ, ಯಾವ ಕಣ್ಣಿಗೆ ತೋರಿಸುತ್ತೀಯಪ್ಪಾ, ನೆರಳು ಬೆಳಕು ಬಿಟ್ಟರೆ ಅವಳಿಗೆ ಏನು ಕಾಣುತ್ತದೆ, ಈಗಲೇ ಆಪರೇಷನ್ ಮಾಡಿದರೆ ಅಷ್ಟಿಷ್ಟು ಉಳಿಸಬಹುದು, ತಡ ಮಾಡಿದರೆ ಅದೂ ಹೋಗುತ್ತೆ ಅಂತ ಡಾಕ್ಟರ್ ಹೇಳುವಾಗ ನೀನೂ ಕೂತಿದ್ದೆ, ನೆಲ ನೋಡಿದೆ, ಈ ವರ್ಷ ಕೈ ಪೂರ್ತಿ ಖಾಲಿ ಕಣೇ ಅಂದೆ, ಅಮ್ಮನೂ ನಿನ್ನ ಕಡೆಗೇ ಸೇರಿಕೊಂಡಳು, ಪಾಪ ಅವನಿಗೆ ಎಷ್ಟು ಖರ್ಚೋ, ನನಗೇನು ಈ ವಯಸ್ಸಲ್ಲಿ ಓದೋದು ಬರೆಯೋದು ಇದೆಯಾ — ಇವಳು ತನ್ನ ಪಾಲು ಆಸ್ಪತ್ರೆಗೆ ಕಟ್ಟಿ ಕೂತಿದ್ದಾಳೆ, ಅರ್ಧ ಹಣಕ್ಕೆ ಅರ್ಧ ಆಪರೇಷನ್ ಮಾಡುವ ಆಸ್ಪತ್ರೆ ಇನ್ನೂ ಹುಟ್ಟಿಲ್ಲ. ಹೋದ ವಾರ ಅವನು ಶೋರೂಮಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದಾಗ ತನ್ನ ಪಾಲಿನ ಹಣ ಕೊಡಲಿಕ್ಕೇ ಬಂದ ಅಂದುಕೊಂಡಳು, ಪೆದ್ದಿ, ಎದೆ ಹಿಗ್ಗಿತು ಕೂಡ, ಅವನೋ ಹಲ್ಲು ಕಿರಿದ, ಸಿಬ್ಬಂದಿಯ ಒಡಹುಟ್ಟಿದವರಿಗೆ ರಿಯಾಯಿತಿ ಇದೆಯಂತಲ್ಲ, ನಿನ್ನ ಹೆಸರು ಹಾಕಿಸಿಬಿಡೇ. ಹಾಕಿಸಿದಳು, ಯಾಕೆ ಹಾಕಿಸಿದಳೋ, ಈ ತಿಂಗಳು ಒಂದೂ ಮಾರಿರಲಿಲ್ಲ, ಮ್ಯಾನೇಜರ್ ಆಗಲೇ ಅಣ್ಣನ ಕೈ ಕುಲುಕುತ್ತಿದ್ದ, ಬಾಯಿ ತನ್ನಷ್ಟಕ್ಕೆ ಬಾಯಿಪಾಠ ಶುರು ಮಾಡಿತು, ಇದು ಐಷಾರಾಮ ಅಲ್ಲ ಸಾರ್, ಉಳಿತಾಯ, ಪೆಟ್ರೋಲಿಗೆ ಸುರಿಯೋದೆಲ್ಲ ನಿಮ್ಮ ಜೇಬಲ್ಲೇ ಇರುತ್ತೆ — ಒಡಹುಟ್ಟಿದವನಿಗೆ ಸಾರ್ ಅಂದಳು, ಥೂ. ಮೊದಲು ಅಷ್ಟೊಂದು ಸುರಿಯಲು ಇದ್ದವನಿಗೆ ತಾನೆ ಆಮೇಲೆ ಉಳಿಯೋದು, ಮಾರುವವಳು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮನೆ ಸೇರುತ್ತಾಳೆ. ಇವತ್ತು ಕಾರಿನ ಮೇಲಿನ ಕೆಂಪು ಬಟ್ಟೆ ಎಳೆದರು, ಮಾರಿದವರೇ ಮೊದಲು ಚಪ್ಪಾಳೆ ತಟ್ಟಬೇಕು, ಅದು ಶೋರೂಮಿನ ಪದ್ಧತಿ, ಅವಳೇ ಮೊದಲು ತಟ್ಟಿದಳು.

ಈಗ ಅವಳ ಪಾಠವನ್ನು ಅವಳಿಗೇ ಒಪ್ಪಿಸುತ್ತಿದ್ದಾನೆ ಮಹಾರಾಯ, ಕನ್ನಡಿಯಲ್ಲಿ ನೋಡಿಕೊಂಡು, ಇದೇನು ಶೋಕಿ ಅಲ್ಲ ಕಣೇ, ಉಳಿತಾಯ, ಉಳಿದದ್ದರಲ್ಲೇ ಅಮ್ಮನ ಕಣ್ಣು ಮಾಡಿಸೋಣ — ಆ ಹೊತ್ತಿಗೆ ಮಾಡಿಸಲು ಕಣ್ಣು ಇರಬೇಕಲ್ಲ, ನುಂಗಿಕೋ, ಸುಮ್ಮನಿರು, ಇಲ್ಲ, ಆಡಿಯೇಬಿಟ್ಟಳು, ಅಮ್ಮನ ಕಣ್ಣಿಗಿಂತ ಇದು ಮೊದಲು ಬೇಕಾಯ್ತಾ ಅಣ್ಣ. ಅತ್ತಿಗೆ ಎಸಿ ಜಾಸ್ತಿ ಮಾಡಿದಳು. ಮಾರುವಾಗ ಸುಮ್ಮನಿದ್ದವಳು ನೀನೇ ಅಲ್ವಾ ಅಂದ ಅಣ್ಣ, ಸಮಾಧಾನವಾಗಿ, ಮೈಯೆಲ್ಲ ಉರಿದುಹೋಯಿತು, ಅವನು ಅಂದದ್ದು ನಿಜ ಅನ್ನುವುದಕ್ಕೇ ಉರಿಯಿತು. ಓಣಿ ತಿರುಗಿತು, ಮನೆ, ಮೆಟ್ಟಿಲ ಮೇಲೆ ಅಮ್ಮ, ಮಗ ಬರುತ್ತಾನೆಂದು ತಲೆ ಬಾಚಿಕೊಂಡು ಕಾದಿದ್ದಾಳೆ, ಕಾರು ಅವಳ ಮುಂದೆಯೇ ನಿಂತಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಅಮ್ಮ ಅಲ್ಲಾಡಲಿಲ್ಲ. ಅವನ ಹಳೇ ಕಾರು ಓಣಿಯ ತುದಿಯಲ್ಲೇ ಕೆಮ್ಮುತ್ತಿತ್ತು, ಆ ಕೆಮ್ಮು ಕೇಳಿ ನನ್ನ ಮಗ ಬಂದ ಅನ್ನುತ್ತಿದ್ದಳು, ಇದು ಕೆಮ್ಮುವುದಿಲ್ಲ, ಸದ್ದೇ ಬರಲ್ಲ ಸಾರ್ ಅಂತ ಅದನ್ನೂ ಹೊಗಳಿ ಮಾರಿದ್ದು ಇವಳೇ. ಅಣ್ಣ ಗಾಜು ಇಳಿಸಲಿಲ್ಲ, ಹಾರ್ನ್ ಒತ್ತಲಿಲ್ಲ, ಸ್ಟೀರಿಂಗ್ ಹಿಡಿದು ಹಾಗೇ ಕೂತ, ಇವಳ ಕೈ ಬಾಗಿಲ ಹಿಡಿ ಹುಡುಕುತ್ತದೆ, ದಿನಾ ಗಿರಾಕಿಗಳಿಗೆ ತೆರೆದು ತೋರಿಸುವ ಹಿಡಿ, ಸಿಗುತ್ತಿಲ್ಲ, ಹೊರಗೆ ಅಮ್ಮ ಹಣೆಗೆ ಕೈ ಅಡ್ಡ ಹಿಡಿದು, ಕಾರಿನಾಚೆ ಖಾಲಿ ರಸ್ತೆಗೆ ಕಿವಿ ತಿರುಗಿಸಿ, ತುಟಿ ಅಲ್ಲಾಡುತ್ತದೆ, ಇನ್ನೂ ಬರಲಿಲ್ಲವಲ್ಲ, ಹಣೆಗೆ ಕೈ, ಖಾಲಿ ರಸ್ತೆ, ಇನ್ನೂ ಬರಲಿಲ್ಲವಲ್ಲ, ಹಣೆಗೆ ಕೈ —