ಬಿಚ್ಚಿ ನೋಡುವ ಅತ್ತೆ

ಯಾವ ಕುರ್ಚಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡದೆ ನಮ್ಮ ಸೋದರತ್ತೆ ಕುಳಿತದ್ದನ್ನು ನಾನು ಕಂಡಿಲ್ಲ. ನಡಿಗೆಯೂ ಹಾಗೆಯೇ, ಮುಂದಿನ ಹೆಜ್ಜೆ ನೆಲ ಮುಟ್ಟುವ ಮೊದಲು ಕುತ್ತಿಗೆ ಹಿಂದಕ್ಕೆ ತಿರುಗಿ, ಹಾಕಿದ ಚಿಲಕ ಹಾಕಿದಂತೆಯೇ ಇದೆಯೇ ಎಂದು ವಿಚಾರಿಸಿಕೊಳ್ಳುತ್ತದೆ. ನಾನು ಮಾಡಿಕೊಟ್ಟ ಚಹಾವನ್ನು ಮೂಸಿಯೇ ಕುಡಿಯುತ್ತಾರೆ. ಮದುವೆಯ ಸುದ್ದಿಯಿರಲಿ, ಸಾವಿನ ಸುದ್ದಿಯಿರಲಿ, ಅವರ ಉತ್ತರ ಒಂದೇ: "ಇರಲಿ, ನೋಡೋಣ."

ಈ ಸ್ವಭಾವಕ್ಕೆ ತಕ್ಕ ಕಸುಬೇ ಅವರಿಗೆ ದೊರಕಿತ್ತು, ತೀರ ಹಳೆಯ ಸೈಕಲ್ಲುಗಳ ರಿಪೇರಿ. ಸೈಕಲ್ಲಿನ ಹೊಟ್ಟೆಯಲ್ಲಿ ಪೆಡಲಿನ ಅಚ್ಚು ತಿರುಗುವ ಗಿಡ್ಡ ಕೊಳವೆಯೊಂದಿದೆ. ಅದರ ಎರಡೂ ಬದಿಗೆ ಥ್ರೆಡ್, ಅಂದರೆ ತಿರುಪಿನ ಹಲ್ಲು, ಇರುವ ಒಂದೊಂದು ಉಕ್ಕಿನ ಕಪ್ ಕೂರುತ್ತದೆ. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಸ್ವಿಸ್ ಎಂದು ಆ ಥ್ರೆಡ್ಡಿಗೆ ಹಲವು ಕುಲ. ಒಂದರ ಬಲಗಡೆಯ ಕಪ್ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಇನ್ನೊಂದರದು ಬಲಕ್ಕೆ. ಎಡಗಡೆಯ ಇಂಗ್ಲಿಷ್ ಕಪ್ಪಂತೂ ಫ್ರೆಂಚ್ ಕೊಳವೆಯೊಳಗೆ ಹೊಸ ಅಳಿಯನ ಹಾಗೆ ಸಲೀಸಾಗಿ ಒಂದೆರಡು ಸುತ್ತು ಹೋಗಿ, ಆಮೇಲೆ ಒಳಗಿನ ಹಲ್ಲನ್ನೆಲ್ಲ ತಿಂದುಹಾಕುತ್ತದೆ. ಫ್ರೇಮಿನ ಮೇಲಿನ ಸ್ಟಿಕ್ಕರನ್ನು ನಂಬುವಂತಿಲ್ಲ. ಬಣ್ಣ ಹೊಸದಿರಬಹುದು, ಹಿಂದಿನ ಮೆಕ್ಯಾನಿಕ್ ಬೇರೆಯೇ ಥ್ರೆಡ್ ಕೊರೆದಿರಬಹುದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅತ್ತೆಗಾಗಿಯೇ ಹುಟ್ಟಿದ್ದು. ಎಣ್ಣೆ ಕುಡಿದು ಬಣ್ಣಗೆಟ್ಟ ನೀಲಿ ಕೋಟಿನ ಜೇಬಿನಿಂದ ಅಳತೆಯ ಗೇಜು ತೆಗೆದು, ಥ್ರೆಡ್ಡಿನ ಹಲ್ಲಿಗೆ ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡುವರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡುವರು. ಮೊದಲನೆಯ ಕಣ್ಣಿನ ಮೇಲೂ ಪೂರ್ತಿ ಭರವಸೆಯಿರಲಿಲ್ಲವೆಂದು ಕಾಣುತ್ತದೆ. ಮೊಳೆಗೆ ತೂಗುಹಾಕಿದ ಕೋಟು ಸ್ವಲ್ಪ ಓರೆಯಾಗಿದ್ದರೂ ಯಾರು ಮುಟ್ಟಿದ್ದೆಂದು ಕೇಳುವರು. ಮುಟ್ಟದ ನಾನೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇಂಥ ಅಂಗಡಿಗೆ ಸೊಸೆ ಬಂದಳು. ಮಗನಿಗೆ ಸೈಕಲ್ ತುಳಿಯುವುದಷ್ಟೇ ಗೊತ್ತು. ಅವಳು ಬೇರೊಂದು ಅಂಗಡಿಯಲ್ಲಿ ಇದೇ ಕೆಲಸದಲ್ಲಿ ಪಳಗಿದವಳು. ಅತ್ತೆಯ ಮಣಿಕಟ್ಟು ಆಗಲೇ ಸೋಲುತ್ತಿತ್ತು. ಅವಳು ನಿಲ್ಲದಿದ್ದರೆ ಅಂಗಡಿಗೆ ಬೀಗವೇ ಗತಿ ಎಂದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಆದರೂ ಸೊಸೆ ಒಳಗೆ ಹೋದ ಕೂಡಲೇ ಅವಳು ಬಿಗಿದದ್ದನ್ನೆಲ್ಲ ಬಿಚ್ಚಿ ನೋಡಿ ಮತ್ತೆ ಬಿಗಿಯುತ್ತಿದ್ದರು. ಒಂದು ತಪ್ಪೂ ಸಿಗಲಿಲ್ಲ. ಸಿಗದಿದ್ದುದೇ ಅವರ ಗುಮಾನಿಯನ್ನು ಬೆಳೆಸಿತು. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಸಂಶಯವೂ ಅಂಟುರೋಗವೇ, ನಾನೂ ಆ ಹುಡುಗಿಯ ಕೈಗಳನ್ನು ಓರೆಗಣ್ಣಿನಿಂದ ಕಾಯತೊಡಗಿದೆ.

ಆಗ ಬಂದದ್ದು ಪಿಟೀಲು ಮೇಷ್ಟರ ಹಸಿರು ಸೈಕಲ್. ಸ್ಟಿಕ್ಕರ್ ಫ್ರೆಂಚ್, ಅಳತೆಯೂ ಫ್ರೆಂಚ್. ಆದರೆ ಬಲಗಡೆಯ ಕಪ್ಪಿನಂಚಿನಲ್ಲಿ ಇಣುಕುತ್ತಿದ್ದ ಥ್ರೆಡ್ಡಿನ ಓರೆ ನೋಡಿ ಸೊಸೆ, ಇದು ಸ್ವಿಸ್, ಅಳತೆ ಅದೇ ಆದರೂ ತಿರುಗುವುದು ಉಲ್ಟಾ ಎಂದಳು. ಉಲ್ಟಾ ತಿರುಗಿಸಿಯೇ ಬಿಚ್ಚಿ, ಹೊಸ ಕಪ್ ಕೂರಿಸಿದಳು. ಕೊಳವೆಯ ಹಲ್ಲು ಹಳೆಯದು, ತೆಳ್ಳಗಾಗಿದೆ, ಇನ್ನು ಯಾರೂ ಮುಟ್ಟದಿದ್ದರೆ ಬಾಳುತ್ತದೆ ಎಂದೂ ಹೇಳಿದಳು. ಅತ್ತೆ ಅಂದು ಬಿಚ್ಚಿ ನೋಡಿದರು, ಸರಿಯಾಗಿತ್ತು. ಮರುದಿನ ಬಿಚ್ಚಿದರು; ಸರಿಯಾಗಿಯೇ ಇತ್ತು. ಮೇಷ್ಟರು ಬರುವ ಹೊತ್ತಿಗೆ ಮನಸ್ಸು ತಡೆಯದೆ ಮತ್ತೊಮ್ಮೆ ಬಿಚ್ಚಿ ಬಿಗಿಯುವಾಗ ಹಲ್ಲು ಸೋತು, ಕಪ್ ಹಿಡಿತವಿಲ್ಲದೆ ಸುಮ್ಮನೆ ಸುತ್ತತೊಡಗಿತು.

ಅಷ್ಟರಲ್ಲಿ ಬಾಗಿಲಿಗೆ ಬಂದ ಮೇಷ್ಟರು ಸುತ್ತುವ ಕಪ್ ನೋಡಿ, ಇದನ್ನು ಕೆಡಿಸಿದವರು ಯಾರೆಂದು ಕೇಳಿದರು. ಒಳಗಿನಿಂದ ಬಂದ ಸೊಸೆಯ ಬೆರಳು ತಮ್ಮತ್ತ ತಿರುಗುವುದನ್ನು ಅತ್ತೆ ಕಾದರು, ನಾನೂ ಕಾದೆ. ಅವಳು ಮಾತ್ರ, ಕೆಲಸ ತನ್ನದು, ತಪ್ಪೂ ತನ್ನದೇ, ಕೊಳವೆಗೆ ಇನ್ನೂ ದೊಡ್ಡ ಅಳತೆಯ ಇಟಾಲಿಯನ್ ಥ್ರೆಡ್ ಕೊರೆದು ಸರಿಮಾಡಿಕೊಡುತ್ತೇನೆ ಎಂದಳು. ಕೊರೆದೂ ಕೊಟ್ಟಳು. ಮೇಷ್ಟರು ಸೈಕಲ್ ಏರಿ ಹೋದ ಮೇಲೆ ಕೈ ತೊಳೆದುಕೊಂಡು ಬಂದು ಅತ್ತೆಯ ಮುಂದೆ ನಿಂತಳು.

"ನಾನು ಬಿಗಿದಿದ್ದನ್ನೆಲ್ಲ ನೀವು ಬಿಚ್ಚಿ ನೋಡ್ತೀರ ಅಂತ ಮೊದಲಿಂದಲೂ ಗೊತ್ತು ಅತ್ತೆ. ಬಿಚ್ಚಿದಾಗೆಲ್ಲ ಹಲ್ಲು ಒಂದಿಷ್ಟು ಸವೆಯುತ್ತೆ. ಇನ್ನು ನನ್ನ ಕೈಲಾಗಲ್ಲ."

ಅವಳು ತನ್ನ ಹಳೆಯ ಅಂಗಡಿಗೇ ಕೆಲಸಕ್ಕೆ ಮರಳಿದಳು. ಮನೆಯಲ್ಲಿ ಎಂದಿನಂತೆಯೇ ಇದ್ದಾಳೆ. ಅತ್ತೆಯ ಮಣಿಕಟ್ಟಿಗೆ ಬಿಸಿನೀರಿನ ಶಾಖವನ್ನೂ ಕೊಡುತ್ತಾಳೆ. ಅಂಗಡಿಯ ಹೊಸಿಲು ಮಾತ್ರ ತುಳಿಯುವುದಿಲ್ಲ. ಕೊನೆಗೆ ಅಂಗಡಿಗೆ ಕಾಯಂ ಬೀಗ ಹಾಕಿದ ದಿನ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಅವತ್ತು ಅವಳು ನನ್ನನ್ನ ಯಾಕೋ ಉಳಿಸಿದಳು? ಅದರಿಂದ ಅವಳಿಗೇನು ಸಿಗುತ್ತೆ?" ನನಗೆ ನಗು ಬಂತು. ಮುಖ ನೋಡಿದಾಗ ನಗು ಇಳಿದುಹೋಯಿತು. ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

ಸಂಶಯಗ್ರಸ್ತರನ್ನು ಕಲ್ಲೆದೆಯವರೆಂದು ಜರಿಯುವುದು ಸುಲಭ. ಮೋಸದ ಕುಲಗೋತ್ರವನ್ನೆಲ್ಲ ಬಲ್ಲ ಇಂಥವರು ಲೋಕಕ್ಕೆ ಬೇಕು. ಇಲ್ಲದಿದ್ದರೆ ಸ್ಟಿಕ್ಕರುಗಳೇ ರಾಜ್ಯವಾಳುತ್ತವೆ. ಆದರೆ ಮೋಸ ಸಿಕ್ಕಾಗ ನೆಮ್ಮದಿಯಿಂದ ಉಸಿರಾಡುವ ಈ ಜನ ಒಳ್ಳೆಯತನ ಎದುರಾದರೆ ಕಂಗಾಲಾಗುತ್ತಾರೆ. ಅದನ್ನು ಎಲ್ಲಿ ಹಿಡಿದು ಅಳೆಯಬೇಕೆಂದು ತೋಚದೆ, ಕೊಟ್ಟವರು ಎದ್ದು ಹೋಗುವವರೆಗೂ ಕೈಯಲ್ಲಿ ಹಿಡಿದುಕೊಂಡೇ ಕೂರುತ್ತಾರೆ.