ಶಕೀಬನ ಓಣಿ

“ಇದು ಅಸಲಿಯೇ?” ಎಂದು ಬೋಡ್ವೆನ್ ಸಾಹೇಬರು ಏಳನೆಯ ಸಲ ಕೇಳಿದಾಗ ವಿದಾದಳಿಗೆ ಆ ಕಲ್ಲಿನ ಕಂಬಕ್ಕೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕಂಬ ಅಸಲಿಯೇ, ರೋಮನರ ಕಾಲದ್ದು. ಆಮೇಲೆ ಬಂದವರು ಯಾರೋ ಅದನ್ನು ಅಡ್ಡಡ್ಡ ಮಲಗಿಸಿ ಗೋಡೆಯೊಳಕ್ಕೆ ಸೇರಿಸಿಬಿಟ್ಟಿದ್ದರು. ಅದರ ಚಾಚಿದ ತುದಿಯ ಮೇಲೆ ಮೀನಂಗಡಿಯವನು ಒದ್ದೆ ಗೋಣಿಚೀಲ ಒಣಹಾಕಿದ್ದ.

“ಕಂಬವೂ ಅಸಲಿ ಮೊಸ್ಯೂ, ಚೀಲವೂ ಅಸಲಿ,” ಎಂದು ಫ್ರೆಂಚಿನಲ್ಲಿ ಹೇಳಿದಳು. ಯಾರೂ ನಗಲಿಲ್ಲ.

ಬೆಲ್ಜಿಯಂನಿಂದ ಬಂದ ಹನ್ನೊಂದು ಮಂದಿ ನಿವೃತ್ತ ಮೇಷ್ಟರುಗಳು. ಕಲಿಸಿ ಕಲಿಸಿ ದಣಿದವರು ಈಗ ಕಲಿಯಲು ಹೊರಟಿದ್ದರು, ಅದೂ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡು. ಅವರ ಹಿಂದೆ ಬೈರೂತಿನ ಪ್ರವಾಸ ಕಂಪನಿಯ ರಮ್ಜಿ ಎಂಬ ಯುವಕ. ಅವನ ಕೈಯಲ್ಲಿ ಕಂಪನಿ ಅಚ್ಚು ಹಾಕಿಸಿದ ಎರಡು ಹಾಳೆ. ಅದರಲ್ಲಿ ಇಲ್ಲದ ಒಂದು ಮಾತನ್ನೂ ಗೈಡ್ ವಿದಾದ್ ಆಡಕೂಡದು, ಎರಡು ಗಂಟೆಯೊಳಗೆ ಸಮುದ್ರದ ಕೋಟೆ ಮುಟ್ಟಬೇಕು. ಇವತ್ತು ಎಲ್ಲ ಸುಸೂತ್ರವಾಗಿ ಮುಗಿದರೆ ವರ್ಷವಿಡೀ ಸೈದಾ ಊರಿನ ನಡಿಗೆಗಳೆಲ್ಲ ವಿದಾದಳವು. ಇಲ್ಲವಾದರೆ ಬೈರೂತಿನಿಂದ ಒಬ್ಬ ಹುಡುಗಿ ಬರುತ್ತಾಳಂತೆ, ಫೋನು ನೋಡಿಕೊಂಡು ಓಣಿ ಹುಡುಕುವವಳು. ಇಪ್ಪತ್ತಾರು ವರ್ಷ ಈ ಕಲ್ಲುಗಳ ಮೇಲೆ ಚಪ್ಪಲಿ ಸವೆಸಿದ ವಿದಾದಳಿಗೆ ಆ ಹುಡುಗಿಯನ್ನು ನೋಡದೆಯೇ ಮೈ ಉರಿಯುತ್ತಿತ್ತು.

ಹಾಳೆಯ ಬಗ್ಗೆ ಅವಳಿಗೆ ತಕರಾರೇನೂ ಇರಲಿಲ್ಲ. ಸುಳ್ಳು ಹೇಳುವ ಗೈಡುಗಳನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ತಕರಾರಿದ್ದದ್ದು ಊರಿನವರಿಗೆ. ಬೆಳಿಗ್ಗೆ ಹಳೆಯ ರೊಟ್ಟಿ ಒಲೆಯೊಂದರ ಮುಂದೆ ನಿಂತು ಅವಳು ಇದು ನೂರೈವತ್ತು ವರ್ಷದ್ದು ಎಂದು ಬೆರಳು ಎತ್ತಿ ತೋರಿಸುತ್ತಿದ್ದಾಗಲೇ ರೊಟ್ಟಿ ಸುಡುವ ನಾಯಿಫ್ ಒಳಗಿಂದ ಕೂಗಿದ್ದ:

“ಏನಮ್ಮಾ ವಿದಾದ್, ನೂರೈವತ್ತೇನಾ? ನಮ್ಮಜ್ಜನ ಮರ್ಯಾದೆ ಬೀದಿಗೆ ಹಾಕ್ಬೇಡಮ್ಮಾ. ಸಾವಿರ ಅನ್ನು! ನಿನ್ನ ಗಂಟೇನು ಹೋಗುತ್ತೆ?”

ಬಿಸಿ ರೊಟ್ಟಿ ಎತ್ತಿಕೊಡಲು ಹೋಗಿ ಕೈ ಸುಟ್ಟುಕೊಂಡು ತಾನೇ ನಕ್ಕಿದ್ದ. ಅಲ್ಲಿ ಹತ್ತು ನಿಮಿಷ ಹೋಯಿತು. ಸಾಬೂನಿನ ಅಂಗಡಿಯವನು ಕಾಫಿ ಕುಡಿಯದೆ ಹೋದರೆ ಮುಖ ನೋಡುವುದಿಲ್ಲವೆಂದು ಆಣೆ ಇಟ್ಟ. ಅಲ್ಲಿ ಇನ್ನೂ ಇಪ್ಪತ್ತು ನಿಮಿಷ. ಸುಮ್ಮನೆ ಕೂತದ್ದಕ್ಕೆ ಒಂದು ಉಪಯೋಗವಾಗಲೆಂದು ವಿದಾದ್ ಆ ಹನ್ನೊಂದು ಮಂದಿಗೆ ಊರಿನ ಮರ್ಯಾದೆ ಕಲಿಸಿದಳು: ಕಾಫಿ ಕುಡಿದು ಲೋಟ ಹಿಂದಿರುಗಿಸುವಾಗ “ದಾಯ್ಮೆ” ಅನ್ನಬೇಕು, ನಿಮ್ಮ ಮನೆಯಲ್ಲಿ ಇದು ಸದಾ ಹೀಗೇ ನಡೆಯಲಿ ಎಂದು ಅರ್ಥ. ಮೇಷ್ಟರುಗಳಲ್ಲವೇ, ಎರಡೇ ಸಲಕ್ಕೆ ಬಾಯಿಪಾಠ ಮಾಡಿದರು.

ಆಮೇಲೆ ಸಾಬೂನಿನವನು ತನ್ನ ಕಟ್ಟಡದ ವಯಸ್ಸಿನ ಬಗ್ಗೆ ಜಗಳಕ್ಕೆ ನಿಂತ. ಅವನ ಬಾಯಿ ಮುಚ್ಚಿಸಿ ಹಿಂದಿರುಗಿ ನೋಡಿದರೆ ಓಣಿ ಖಾಲಿ.

“ಎಲ್ರಿ ಅವರು?” ಎಂದಳು ರಮ್ಜಿಗೆ.

“ಆ ದಪ್ಪನೆಯವರು ಮಂಡಿ ನೋವು, ಎಲ್ಲಾದ್ರೂ ಕೂರ್ತೀನಿ ಅಂತ ಹೊರಟ್ರು. ಉಳಿದವರು ಹಿಂದೆ ಹೋದ್ರು,” ಎಂದು ರಮ್ಜಿ ಎಡಗಡೆಯ ಕಮಾನು ತೋರಿಸಿದ.

ಬೆಳಿಗ್ಗೆಯಿಂದ ವಿದಾದ್ ಇಡೀ ದಾರಿಯನ್ನೇ ಸುತ್ತಿಸಿ ತಂದದ್ದು ಆ ಕಮಾನಿನೊಳಗೆ ಕಾಲಿಡಬಾರದೆಂದು. ಅದು ಶಕೀಬನ ಓಣಿ. ಶಕೀಬ್ ಮೊನ್ನೆ ತೀರಿಕೊಂಡಿದ್ದ.

ಅವನೂ ಒಂದು ಕಾಲಕ್ಕೆ ಗೈಡು. ಇವಳಿಗಿಂತ ಮೊದಲಿನವನು, ಇವಳಿಗಿಂತ ಜನಪ್ರಿಯ. ಬಾಯಿ ಬಿಟ್ಟರೆ ಬಂಡಲ್. ಸಂತ ಪೌಲ ರೋಮಿಗೆ ಹೋಗುವ ದಾರಿಯಲ್ಲಿ ನಾಯಿಫನ ಒಲೆಯಲ್ಲೇ ರೊಟ್ಟಿ ತಿಂದ, ಈ ಬಾವಿಯಲ್ಲಿ ರಾಣಿಯೊಬ್ಬಳ ಬಳೆ ಬಿದ್ದಿದೆ, ಹುಣ್ಣಿಮೆಗೆ ಸದ್ದು ಮಾಡುತ್ತದೆ. ಕೇಳುವವರು ಬಾಯಿ ಕಳೆದುಕೊಂಡು ಕೇಳುತ್ತಿದ್ದರು. ವಿದಾದ್ ಅವನ ಸುಳ್ಳುಗಳನ್ನೆಲ್ಲ ಬರೆದು ಪ್ರವಾಸ ಇಲಾಖೆಯ ಮೇಲಿನವರಿಗೆ ದೂರು ಕೊಟ್ಟಳು. ಅವರು ಅವನ ಗೈಡ್ ಬಿಲ್ಲೆ ಕಿತ್ತುಕೊಂಡರು. ಅದಾಗಿ ಹತ್ತೊಂಬತ್ತು ವರ್ಷ. ಅಲ್ಲಿಂದಾಚೆಗೆ ಅವನು ಬಂದರಿನ ಬೆಂಚಿನ ಮೇಲೆ ಕೂತು ಯಾರು ಸಿಕ್ಕರೆ ಅವರಿಗೆ ಕಥೆ ಹೇಳಿಕೊಂಡು ಮುದುಕನಾದ. ಅವಳು ಮಾಡಿದ್ದು ಸರಿಯೇ. ಸರಿ ಮಾಡಿದ್ದಕ್ಕೆ ಇಷ್ಟು ವರ್ಷ ಸಂಕಟ ಪಡಬೇಕಾದೀತೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಓಡಿಹೋಗಿ ನೋಡಿದರೆ ಆಗಬಾರದ್ದೆಲ್ಲ ಆಗಿಹೋಗಿತ್ತು. ಸಾವಿನ ಮನೆಯ ಮುಂದೆ ಓಣಿಯ ಎರಡು ಬದಿಗೂ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೋಡ್ವೆನ್ ಸಾಹೇಬರು ಅದನ್ನು ಕಾಫಿ ಅಂಗಡಿ ಅಂದುಕೊಂಡು ಕಾಲು ಚಾಚಿ ಕೂತಿದ್ದರು. ಉಳಿದ ಹತ್ತು ಮಂದಿಯೂ, ಹೆಂಗಸರು ಗಂಡಸರೆನ್ನದೆ, ಗಂಡಸರ ಸಾಲಿನಲ್ಲಿ ಸಾಲಾಗಿ ಕೂತು ಬಿಸಿಲಿಗೆ ಟೋಪಿ ಬೀಸಿಕೊಳ್ಳುತ್ತಿದ್ದರು. ದುಃಖಕ್ಕೆ ಬಂದು ಕೂತವರನ್ನು ಏಳಿ ಅನ್ನುವುದುಂಟೇ? ಶಕೀಬನ ತಮ್ಮ ಹಾಜಿ ತೌಫೀಕ್ ದಲ್ಲೆ ಎಂಬ ಉದ್ದ ಕೊಕ್ಕಿನ ಹೂಜಿಯಿಂದ ಕಹಿ ಕಾಫಿ ಬಗ್ಗಿಸಿ ಕೊಡುತ್ತಾ ಬರುತ್ತಿದ್ದ. ಆಗಲೇ ಎಲ್ಲರೂ ಕುಡಿದು ಮುಖ ಕಿವುಚಿಯಾಗಿತ್ತು.

ವಿದಾದ್ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡಿದಳು. ಅವರು ಅದನ್ನು ಹುರಿದುಂಬಿಸುವುದೆಂದು ತಿಳಿದರು. ಹನ್ನೊಂದು ಮಂದಿಯೂ ಲೋಟ ಮುಂದೆ ಚಾಚಿ, ಒಂದೇ ದನಿಯಲ್ಲಿ, “ದಾಯ್ಮೆ!” ಎಂದರು.

ನಿಮ್ಮ ಮನೆಯಲ್ಲಿ ಇದು ಸದಾ ಹೀಗೇ ನಡೆಯಲಿ!

ಹಾಜಿ ತೌಫೀಕ್ ದಲ್ಲೆಯನ್ನು ನೆಲಕ್ಕಿಟ್ಟುಬಿಟ್ಟ. ಎದುರು ಸಾಲಿನ ಮುದುಕನೊಬ್ಬ “ಅಸ್ತಗ್‌ಫಿರುಲ್ಲಾ” ಎಂದು ದೇವರ ಕ್ಷಮೆ ಕೇಳಿ ಕಿವಿ ಮುಚ್ಚಿಕೊಂಡ. ಭೂಮಿ ಬಾಯಿ ಬಿಡಬಾರದೇ ಎಂದು ವಿದಾದ್ ನಿಂತಿರುವಾಗಲೇ ಬಾಗಿಲ ಪರದೆ ಸರಿಯಿತು. ಶಕೀಬನ ಹೆಂಡತಿ ಮುನೀರಾ ಹೊಸ್ತಿಲಿಗೆ ಬಂದು ಆ ಟೋಪಿಗಳನ್ನೂ ಕೆಂಪು ಮುಖಗಳನ್ನೂ ಒಂದೊಂದಾಗಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು.

“ಇವರು ನಮ್ಮನೆಯವರು ಊರು ತೋರಿಸಿದ ಜನ ಕಣೋ ತೌಫೀಕ್! ದಾಯ್ಮೆ ಅನ್ನೋದನ್ನ ಪರದೇಶದವರಿಗೆ ಇನ್ಯಾರು ಕಲಿಸ್ತಾರೆ? ನಾನು ಸತ್ರೆ ಎಲ್ಲೆಲ್ಲಿಂದಲೋ ಬರ್ತಾರೆ ನೋಡ್ತಿರು ಅಂತಿದ್ರು. ನಾನೇ ಪಾಪಿ, ನಗ್ತಿದ್ದೆ.” ಆಮೇಲೆ ಅವಳ ಕಣ್ಣು ವಿದಾದಳ ಮೇಲೆ ಬಿತ್ತು. “ನೀನೇ ಕರ್ಕೊಂಡು ಬಂದ್ಯಾ?”

ನಾನು ಕಲಿಸಿದ್ದು, ಇವರಿಗೆ ನಿನ್ನ ಗಂಡ ಯಾರೆಂದೇ ತಿಳಿಯದು ಎಂಬ ಮಾತು ವಿದಾದಳ ನಾಲಿಗೆಯ ತುದಿಯಲ್ಲಿತ್ತು. ನಿಜವಾದ ಮಾತು.

“ಹೂಂ ಮುನೀರಾ. ನಾನೇ,” ಎಂದಳು.

“ಆ ದಪ್ಪನೆಯವರನ್ನ ಕೇಳು. ನಮ್ಮನೆಯವರ ಬಗ್ಗೆ ಏನು ನೆನಪಿದೆ ಅಂತ ಕೇಳು. ಎಲ್ರೂ ಕೇಳಿಸ್ಕೊಳ್ಳಲಿ.”

ಈ ಕುರ್ಚಿಗಳಲ್ಲಿ ಕೂತವರೆಲ್ಲ ಹತ್ತೊಂಬತ್ತು ವರ್ಷ ಶಕೀಬನನ್ನು ಸುಳ್ಳುಬುರುಕ ಎಂದು ಛೇಡಿಸಿದವರೇ. ವಿದಾದ್ ಬೋಡ್ವೆನ್ ಕಡೆ ತಿರುಗಿ, ಬೆಳಿಗ್ಗೆಯಿಂದ ನಿಮಗೆ ತುಂಬ ಇಷ್ಟವಾದದ್ದು ಏನು ಎಂದು ಫ್ರೆಂಚಿನಲ್ಲಿ ಕೇಳಿದಳು. ಅವರು ಯೋಚಿಸಿ, “ಆ ರೊಟ್ಟಿಯವನು,” ಎಂದರು. “ಕೈ ಸುಟ್ಟುಕೊಂಡು ನಕ್ಕನಲ್ಲ, ಅದು. ಅದನ್ನು ನಾನು ಮರೆಯುವುದಿಲ್ಲ.”

ಬೆನ್ನ ಹಿಂದೆ ರಮ್ಜಿ ನಿಂತಿದ್ದ. ಅವನಿಗೆ ಎರಡೂ ಭಾಷೆ ಬರುತ್ತಿತ್ತು. ವಿದಾದ್ ಮುನೀರಾಳ ಕಡೆ ತಿರುಗಿದಳು.

“ಶಕೀಬ್ ಅವರು ಇವರನ್ನ ನಾಯಿಫನ ಒಲೆ ಹತ್ರ ಕರ್ಕೊಂಡು ಹೋಗಿದ್ರಂತೆ. ಸಂತ ಪೌಲ ಇಲ್ಲೇ ನಿಂತು ರೊಟ್ಟಿ ತಿಂದ ಅಂತ ಹೇಳಿದ್ರಂತೆ. ಊರಿಗೆ ಹೋದ ಮೇಲೆ ಬೇರೆಲ್ಲಾ ಮರೆತು ಹೋಯ್ತು, ಅದೊಂದು ಮರೀಲಿಲ್ಲ ಅಂತಾರೆ.”

ಮುನೀರಾ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಹಾಜಿ ತೌಫೀಕ್ ತಲೆ ಬಗ್ಗಿಸಿ, ಯಾರೂ ಕೇಳದಿದ್ದರೂ ಬೋಡ್ವೆನ್ ಸಾಹೇಬರ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದ. ಅವರು ಈ ಸಲ ಮುಖ ಕಿವುಚದೆ ಕುಡಿದರು.

ಹೊಸಬರು ಬಂದರು. ಬಂದವರಿಗೆ ಜಾಗ ಬಿಟ್ಟು ಮೊದಲಿನವರು ಏಳಬೇಕು. ವಿದಾದ್ ಸನ್ನೆ ಮಾಡಿದಳು, ಮೇಷ್ಟರುಗಳು ಎದ್ದರು. ಊರಿನವರು ಮಾಡುವುದನ್ನು ನೋಡಿ ತಾವೂ ಒಬ್ಬೊಬ್ಬರಾಗಿ ಎದೆಯ ಮೇಲೆ ಕೈಯಿಟ್ಟು ಸಾಲಿನುದ್ದಕ್ಕೂ ನಡೆದರು.

ಕಮಾನಿನ ಹತ್ತಿರ ರಮ್ಜಿ ಮೆಲ್ಲಗೆ ಹೇಳಿದ: “ಮೇಡಂ, ಐವತ್ತು ನಿಮಿಷ ಲೇಟು. ಅದು ಹೋಗ್ಲಿ ಬಿಡಿ, ಹೇಗೋ ಹೇಳ್ಬಹುದು. ಆದ್ರೆ ಆ ಒಲೆ ವಿಷಯ... ನಾನು ಕೇಳಿದ್ದನ್ನ ಬರೀಲೇಬೇಕಲ್ವಾ? ಅವರು ಆ ಹುಡುಗೀನೇ ಕಳಿಸ್ತಾರೆ.”

ವಿದಾದಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೂ ಬರೆಯುತ್ತಿದ್ದಳು. ಹಿಂದೊಮ್ಮೆ ಬರೆದೇ ಇದ್ದಳಲ್ಲ.

“ಬರ್ಕೋ ಮಗಾ. ಪೌಲ ತಿಂದದ್ದು ಎರಡು ರೊಟ್ಟಿ ಅಂತ ಬರಿ. ಶಕೀಬ್ ಯಾವಾಗ್ಲೂ ಎರಡು ಅಂತಿದ್ದ.”

ಮಂಡಿ ಹಿಡಿದುಕೊಂಡು ಕುಂಟುತ್ತಾ ಬೋಡ್ವೆನ್ ಸಾಹೇಬರು ಬಂದು ಜೊತೆಯಾದರು. ಅಷ್ಟು ಹೊತ್ತಿಗೆ ಅವರಿಗೂ ಏನೋ ಅರ್ಥವಾಗಿತ್ತು.

“ಅದು ಕಾಫಿ ಅಂಗಡಿ ಅಲ್ಲ, ಅಲ್ಲವೇ? ಯಾರು ತೀರಿಕೊಂಡಿದ್ದು?”

“ಗೈಡು,” ಎಂದಳು ವಿದಾದ್. ಸ್ವಲ್ಪ ದೂರ ನಡೆದು, “ಈ ಊರಿನ ಗೈಡು,” ಎಂದಳು.

ಬೋಡ್ವೆನ್ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೋಟೆಯ ಕಡೆಯ ಬಯಲಿಗೆ ಬಂದಾಗ ಬಿಸಿಲು ಸುಡುತ್ತಿತ್ತು, ಅವರ ಬೋಳು ತಲೆ ಕೆಂಪಗಾಗಿತ್ತು. ಆದರೂ ಅವರು ಟೋಪಿಯನ್ನು ಮತ್ತೆ ಹಾಕಿಕೊಳ್ಳಲಿಲ್ಲ.