ಮೊಸಳೆಯ ತಲೆದಿಂಬು

ಗಡಹಿಂಗ್ಲಜದ ಗುರುಸಿದ್ದ ಹಿರಣ್ಯಕೇಶಿ ಹೊಳೆಯ ತಳಕ್ಕೆ ಮುಳುಗಿ, ಮಲಗಿದ್ದ ಮೊಸಳೆಯ ತಲೆದಿಂಬನ್ನೇ ಕಿತ್ತು ತಂದಿದ್ದ. ಎಚ್ಚರಾದ ಮೊಸಳೆ ಅವನ ಮೀಸೆ ನೋಡಿ ಕೈಮುಗಿದು ದಾರಿ ಬಿಟ್ಟಿತ್ತು. ಆ ತಲೆದಿಂಬೇ ಈಗ ಮನೆಯ ನಿಂಬೆ ಉಪ್ಪಿನಕಾಯಿಯ ಭರಣಿಯಲ್ಲಿ, ಹೋಳು ಮೇಲೇಳದಂತೆ ಹೇರಿದ್ದ ಕಲ್ಲು.

ಅಂಥ ಕಲ್ಲು ಸಣ್ಣದಾಗಿತ್ತು. ಗುರುಸಿದ್ದನ ಲೆಕ್ಕದಲ್ಲಿ ಆನೆಯ ತಲೆಯಷ್ಟಿದ್ದದ್ದು ಇಲಿಯ ತಲೆಯಷ್ಟಾಗಿತ್ತು; ಅವನ ಹೆಂಡತಿ ಹಾಲವ್ವನ ಲೆಕ್ಕದಲ್ಲಿ ಅಂಗೈಯಗಲದ್ದು ಮೂರು ಬೆರಳಗಲ. ಉಪ್ಪಿನಕಾಯಿಯ ಹುಳಿಯೂ ಸತ್ತಿತ್ತು.

ಹಾಲವ್ವನ ಕಣ್ಣು ಹಾತಕಣಂಗಲೆಯಿಂದ ಬಂದ ಸೊಸೆ ಮುಕ್ತಾಬಾಯಿಯ ಮೇಲೆ ಬಿತ್ತು.

"ರಸ ತವರಿಗೆ ಸಾಗಿಸಿ ನೀರ ಸುರದಾಳ. ಕಲ್ಲೂ ಬದಲಿ ಮಾಡ್ಯಾಳ."

"ಶಪ್ಪಥ್ ರೀ ಅತ್ತಿ, ನಾ ಭರಣಿ ಮುಟ್ಟಿಲ್ಲ."

ಗುರುಸಿದ್ದನಿಗೂ ಅನುಮಾನವೇ. ಕಲ್ಲೇನು ಬೆಲ್ಲವೇ, ಕರಗಲಿಕ್ಕೆ? "ಮೊಸಳಿ ಕಲ್ಲು ಸವಿಯಂಗಿಲ್ಲ. ಯಾರೋ ಕೈ ಹಾಕ್ಯಾರ" ಎಂದು ಮೀಸೆ ತಿರುವಿದ.

ಆ ಮಾತಿನಿಂದ ತೀರ್ಪಾಯಿತು. ಹಾಲವ್ವ ಅಡುಗೆಮನೆಯ ಬಾಗಿಲಲ್ಲೇ ಕುಳಿತಳು. ಕಳ್ಳಿಯೆಂಬ ಹೆಸರು ಹೊತ್ತ ಮುಕ್ತಾ ಒಳಗೆ ಕಾಲಿಡುವಂತಿರಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಮೊಮ್ಮಗಳು ಕಾಂಚನ ಶಾಲೆಯ ಪ್ರಯೋಗ ಹೂಡಿದ್ದಳು. ಹೊಳೆಯ ಕರಿಕಲ್ಲಿನ ಮೇಲೆ ನಿಂಬೆ ಹಿಂಡಿದಳು, ಕಲ್ಲು ಸುಮ್ಮನಿತ್ತು. ನೆಲಕ್ಕೆ ಹಾಸುವ ಶಹಾಬಾದಿ ಫರ್ಸಿಯ ಚೂರಿನ ಮೇಲೆ ಹಿಂಡಿದಳು. ಅದು ಸುಸ್ ಎಂದು ನೊರೆ ಕಾರಿತು.

"ಮಳಿ ನೀರಾಗೂ ಚೂರು ಹುಳಿ ಇರತೈತಂತ. ಭಾಳ ವರ್ಷ ಬಿದ್ರ ಇಂಥಾ ಕಲ್ಲು ಸವೀತಾವಂತ. ನಮ್ಮ ಸಾಲಿ ಬಾಯಾರು ಹೇಳ್ಯಾರ."

ಮುಕ್ತಾ ಅತ್ತೆಯನ್ನು ದಾಟಿಕೊಂಡೇ ಒಳಗೆ ಹೋದಳು. ಭರಣಿಯ ಕಲ್ಲು ತೊಳೆದು ತಂದು ಮಗಳ ಮುಂದಿಟ್ಟಳು.

"ಇದರ ಮ್ಯಾಲೂ ಹಿಂಡು."

ಕಲ್ಲು ನೊರೆ ಕಾರಿತು. "ಹುಳಿ ಕಲ್ಲು ತಿಂದೈತಿ, ಕಲ್ಲು ಹುಳಿ ತಿಂದೈತಿ" ಎಂದಳು ಕಾಂಚನ.

ಮುಕ್ತಾ ಅದನ್ನು ಬಾಗಿಲಲ್ಲಿ ಕುಳಿತಿದ್ದ ಅತ್ತೆಯ ಮುಂದೆ ತಂದಿಟ್ಟಳು. ಹಾಲವ್ವ ಎತ್ತಿ ಹೊರಳಿಸಿದಳು. ಒಂದು ಮಗ್ಗಲು ಇನ್ನೂ ಕೊಯ್ದಂತೆ ನೆಟ್ಟಗಿತ್ತು. "ಏನ್ರಿ, ಹೊಳ್ಯಾಗ ಗರಗಸ ಯಾರದಿತ್ತು? ಮೊಸಳೀದೇನು?"

ಗುರುಸಿದ್ದನ ಮೀಸೆ ಮೊದಲ ಸಲ ಇಳಿಯಿತು.

"ಹೊಳಿತನಕ ಹೋಗಿಲ್ಲ. ಸ್ಟ್ಯಾಂಡ್ ಹತ್ರ ಫರ್ಸಿ ಅಂಗಡಿ ಮುಂದ ಬಿದ್ದಿತ್ತು, ಎತ್ಕೊಂಡ ಬಂದೆ. ಸೊಸಿ ಏನೂ ಮಾಡಿಲ್ಲ."

ಹಾಲವ್ವ ಬಾಗಿಲು ಬಿಟ್ಟು ಎದ್ದು, ಭರಣಿಯ ಮುಚ್ಚಳವನ್ನು ಸೊಸೆಯ ಕೈಗಿಟ್ಟಳು.

"ಮತ್ತ ಮೊಸಳಿ, ಮಾವಾರ?" ಎಂದಳು ಮುಕ್ತಾ.

"ಅಂಗಡಿ ನಾಯಿ ಅದರ ಮ್ಯಾಲ ತಲಿ ಇಟ್ಟು ಮಲಗಿತ್ತವ್ವ" ಎಂದ ಗುರುಸಿದ್ದ. "ಎಬ್ಬಿಸಿದ್ದೂ ನಾ ಅಲ್ಲ. ಅಂಗಡ್ಯಾಂವ."